ಪಕ್ಕದ ಸೀಟಿನಲ್ಲಿ ಕೂರಬೇಕಾದವರು

ಅಕ್ಕನ ಕಥೆ ಶುರು ಮಾಡುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ನನಗಿನ್ನೂ ಸಿಟ್ಟು ಇಳಿದಿಲ್ಲ. ಇಳಿದ ಮೇಲೆ ಬರೆಯೋಣ ಎಂದು ಕಾದು ನೋಡಿದೆ. ಅದು ಇಳಿಯುವ ಜಾತಿಯದಲ್ಲ ಎಂದು ಗೊತ್ತಾಯಿತು. ನಮ್ಮ ಗ್ಯಾರೇಜಿನಲ್ಲಿ ನನ್ನನ್ನು ಎಲ್ಲರೂ ಕರೆಯುವುದೇ ಕಿಡಿ ಎಂದು. ಸೈಲೆನ್ಸರ್ ಪೈಪುಗಳಿಗೆ ವೆಲ್ಡಿಂಗ್ ಮಾಡುವವಳಲ್ಲವೇ, ಅದಕ್ಕೆ ಆ ಹೆಸರು ಎಂದು ಹೊರಗಿನವರು ತಿಳಿದುಕೊಂಡಿದ್ದಾರೆ. ಮನೆಯವರಿಗೆ ನಿಜ ಗೊತ್ತು. ವೆಲ್ಡಿಂಗ್ ಕಲಿಯುವ ಎಷ್ಟೋ ಮೊದಲೇ ನನಗೆ ಆ ಹೆಸರು ಬಿದ್ದಿತ್ತು.

ಗ್ಯಾರೇಜು ಅಪ್ಪನದು. ಮುಂದೆ ಗ್ಯಾರೇಜು, ಹಿಂದೆ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲಿನ ಹಿಡಿಗೆ ಯಾವಾಗಲೂ ಗ್ರೀಸು. ಅಪ್ಪ ಕಾರ್ಬ್ಯುರೇಟರ್ ಕಾಲದ ಮೆಕ್ಯಾನಿಕ್ಕು. ಒಂದು ಸ್ಕ್ರೂಡ್ರೈವರ್ ಹಿಡಿದು, ತಲೆ ವಾಲಿಸಿ, ಎಂಜಿನ್ನಿನ ಸದ್ದು ಕೇಳಿಯೇ ಪೆಟ್ರೋಲು ಹೆಚ್ಚು ಕಡಿಮೆ ಮಾಡುತ್ತಿದ್ದರು. ಅವರದೊಂದು ಕಟ್ಟಪ್ಪಣೆ ಇತ್ತು. ಯಾವ ಗಾಡಿಯನ್ನೇ ಆಗಲಿ, 'ಸರಿ ಇದೆ, ಜೋರಾಗಿ ಓಡಿಸಿ' ಎಂದು ಯಾರು ಹೇಳುತ್ತಾರೋ ಅವರೇ ಮೊದಲ ಓಟದಲ್ಲಿ ಪಕ್ಕದ ಸೀಟಿನಲ್ಲಿ ಕೂರಬೇಕು. ಓಡಿಸುವವರು ಗಾಡಿಯ ಯಜಮಾನರು, ಪಕ್ಕದಲ್ಲಿ ಹೇಳಿದವರು. "ನಿಂತ್ಕೊಂಡು ಯಾರು ಬೇಕಾದ್ರೂ ಹೇಳ್ತಾರೆ. ಕೂತ್ಕೊಂಡು ಹೇಳು ನೋಡೋಣ" ಎನ್ನುತ್ತಿದ್ದರು. ಅಪ್ಪ ಹೋದರು, ಕಾರ್ಬ್ಯುರೇಟರ್ ಹೋಯಿತು, ಆ ಪದ್ಧತಿ ಮಾತ್ರ ಉಳಿಯಿತು. ನಮ್ಮಲ್ಲಿ ಗಾಡಿ ಬಿಡುವ ಗಿರಾಕಿಗಳು ಅದನ್ನೇ ನಂಬಿ ಬರುತ್ತಿದ್ದರು.

ಅಪ್ಪ ಹೋದ ಮೇಲೆ ಕೌಂಟರಿನ ಕುರ್ಚಿ ಅಣ್ಣನಿಗೆ ಬಂತು. ಕಾರನ್ನು ನಿಂತಲ್ಲೇ ಓಡಿಸಿ ಪರೀಕ್ಷಿಸುವ ರೋಲರ್ ರೂಮು ಅಕ್ಕನಿಗೆ. ವೆಲ್ಡಿಂಗ್ ಮೂಲೆ ನನಗೆ. ಯಾರೂ ಕೂತು ಮಾತಾಡಿ ಹಂಚಿದ್ದಲ್ಲ. ದೊಡ್ಡ ಕುರ್ಚಿಗೆ ದೊಡ್ಡ ಮಗ ಎಂದು ಲೋಕವೇ ತೀರ್ಮಾನ ಮಾಡಿಟ್ಟಿರುತ್ತದಲ್ಲ, ಹಾಗೆ.

ಅಕ್ಕನನ್ನು ಗಿರಾಕಿಗಳು 'ಟ್ಯೂನಕ್ಕ' ಎನ್ನುತ್ತಾರೆ. ಪಾಲಿಟೆಕ್ನಿಕ್ಕಿನಲ್ಲಿ ಓದಿದವಳು. ಸಾಧು ಪ್ರಾಣಿ ಎಂದುಕೊಳ್ಳಬೇಡಿ; ಜಂಬ ಸಾಕಷ್ಟಿದೆ. ಕಾರಿನ ಹಿಂದೆ ಹೊಗೆಗೆ ಅಂಗೈ ಒಡ್ಡಿ, ಅದನ್ನು ಮೂಸಿ, "ಇದು ಪೆಟ್ರೋಲ್ ಜಾಸ್ತಿ ಕುಡೀತಿದೆ" ಎಂದು ತೀರ್ಪು ಕೊಡುತ್ತಾಳೆ. ಎಷ್ಟೋ ಸಲ ಸರಿ ಇರುತ್ತದೆ. ತಪ್ಪಾದ ದಿನ ಗಾಳಿ ಬೀಸಿತು ಎನ್ನುತ್ತಾಳೆ. ಅವಳ ಸ್ಟೂಲಿನ ಮೇಲೆ ಬೇರೆ ಯಾರೂ ಕೂರುವ ಹಾಗಿಲ್ಲ. ಕಾರನ್ನು ರೋಲರ್ ಮೇಲೆ ಹತ್ತಿಸಿ, ಚಕ್ರಗಳು ನಿಂತಲ್ಲೇ ತಿರುಗುವಾಗ, ಎದುರಿಗಿನ ದೈತ್ಯ ಫ್ಯಾನಿನ ಗಾಳಿಗೆ ಎರಡು ಸ್ವೆಟರ್ ಹಾಕಿಕೊಂಡು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ಒಂದೇ ಸಮನೆ ಮಾತಾಡುತ್ತಿರುತ್ತಾಳೆ. ಯಾರ ಜೊತೆ ಎಂದು ಕೇಳಬೇಡಿ. ಕಾರಿನ ಜೊತೆ, ಫ್ಯಾನಿನ ಜೊತೆ. ಚಹಾ ತಣ್ಣಗಾಗುವವರೆಗೂ ಮುಟ್ಟುವುದಿಲ್ಲ, ಆಮೇಲೆ "ಥೂ, ಯಾರು ಕೊಟ್ಟಿದ್ದು ಇದನ್ನ" ಎಂದು ನನ್ನನ್ನು ಬೈಯುತ್ತಾಳೆ.

ಅವಳ ಕೆಲಸವೇನು ಎಂದು ಕೇಳಿದವರಿಗೆಲ್ಲ ಒಂದೇ ಪಾಠ. "ನೋಡಿ, ಕಾರು ಸುಮ್ನೆ ರಸ್ತೇಲಿ ಹೋಗ್ತಿರುವಾಗ ಅದರ ಕಂಪ್ಯೂಟರ್ರು ನಾಲ್ಕು ಜನಕ್ಕೆ ಅಡುಗೆ ಮಾಡ್ತಿರುತ್ತೆ. ಪೆಟ್ರೋಲ್ ಹಾಕುತ್ತೆ. ಹೊಗೆ ಪೈಪಲ್ಲಿ ಸೆನ್ಸರ್ ಇದೆಯಲ್ಲ, ಅದು ರುಚಿ ನೋಡಿ ಹೇಳುತ್ತೆ, ಕಮ್ಮಿ ಆಯ್ತು, ಜಾಸ್ತಿ ಆಯ್ತು ಅಂತ. ಕಂಪ್ಯೂಟರ್ರು ತಿದ್ದಿಕೊಳ್ಳುತ್ತೆ. ಇದು ಕ್ಲೋಸ್ಡ್ ಲೂಪು. ಪೆಡಲ್ ಪೂರ್ತಿ ಒತ್ತಿದ್ರೋ, ನಾನೂರು ಜನಕ್ಕೆ ಅಡುಗೆ. ರುಚಿ ನೋಡ್ತಾ ನಿಲ್ಲೋಕೆ ಪುರುಸೊತ್ತೆಲ್ಲಿ? ಸೆನ್ಸರ್ ಮಾತು ಯಾರೂ ಕೇಳಲ್ಲ. ಅಳತೆ ಮೊದಲೇ ಹಾಕಿಟ್ಟಿರಬೇಕು, ಅಷ್ಟನ್ನ ಸುರೀತಾ ಹೋಗಬೇಕು. ಇದು ಓಪನ್ ಲೂಪು. ಆ ಅಳತೆ ಹಾಕೋಳು ನಾನು."

ಪೂರ್ತಿ ಒತ್ತಿದಾಗಲೂ ಸೆನ್ಸರಿನ ಮಾತು ಕೇಳುವ ಕಂಪ್ಯೂಟರ್‌ಗಳೂ ಇವೆಯಂತೆ. ನಮ್ಮಲ್ಲಿಗೆ ಬರುವ ಕಾರುಗಳಲ್ಲಿ ಅಂಥದ್ದು ಅಪರೂಪ. ಅದಕ್ಕೇ ಅಕ್ಕ ಆ ಅಳತೆಯನ್ನು ಯಾವಾಗಲೂ ತುಸು ಧಾರಾಳವಾಗಿಯೇ ಇಡುತ್ತಿದ್ದಳು. ಹೆಚ್ಚಿನ ಪೆಟ್ರೋಲು ಎಂಜಿನ್ನಿನ ಒಳಗನ್ನು ತಂಪಾಗಿಡುತ್ತದೆ. ಕಡಿಮೆಯಾಯಿತೋ, ಒಳಗೆ ಬೆಂಕಿ ಮಿತಿ ಮೀರಿ ಪಿಸ್ಟನ್ ಕರಗುತ್ತದೆ. ಎರಡು ಕುದುರೆಯ ಬಲ ಜಾಸ್ತಿ ತೋರಿಸುವ ಆಸೆಗೆ ಎಂಜಿನ್ನನ್ನು ಉಪವಾಸ ಕೆಡವುವ ಟ್ಯೂನರುಗಳಿದ್ದಾರೆ. ಅವರ ಹೆಸರೆತ್ತಿದರೆ ಅಕ್ಕ ಉಗಿಯುತ್ತಿದ್ದಳು, ನಿಜವಾಗಿಯೂ ಉಗಿಯುತ್ತಿದ್ದಳು, ಚರಂಡಿಗೆ.

ಇನ್ನು ಅಣ್ಣ. ಅಣ್ಣನ ನಾಲಿಗೆ ಬೆಣ್ಣೆ. ಇಲ್ಲ ಎನ್ನುವುದು ಅವನ ಬಾಯಲ್ಲಿ ಹುಟ್ಟುವುದೇ ಇಲ್ಲ. ನಾಳೆ ಗಾಡಿ ಕೊಡುತ್ತೇನೆ ಎಂದು ನಾಲ್ಕು ಜನಕ್ಕೆ ಹೇಳಿರುತ್ತಾನೆ. ನಾಲ್ಕೂ ಗಾಡಿ ಮುಗಿಸುವವಳು ಅಕ್ಕ. ತಪ್ಪು ಸಾಮಾನು ತರಿಸಿರುತ್ತಾನೆ. ಅಂಗಡಿಗೆ ಹೋಗಿ ಬೈಸಿಕೊಂಡು ಬದಲಾಯಿಸಿ ತರುವವಳು ಅಕ್ಕ. ಗಿರಾಕಿಗೆ ಕೊಟ್ಟ ಮಾತು ಮರೆತಿರುತ್ತಾನೆ. ಫೋನ್ ಮಾಡಿ ಸಮಾಧಾನ ಹೇಳುವವಳು ಅಕ್ಕ. ಅವನು ಕೆಡಿಸಿದ್ದು, ಇವಳು ತಿದ್ದಿದ್ದು, ಹೊರಗೆ ಒಂದು ಚೂರೂ ಕಾಣುತ್ತಿರಲಿಲ್ಲ. 'ತಂದೆಗೆ ತಕ್ಕ ಮಗ' ಎಂದು ಊರೇ ಅಣ್ಣನನ್ನು ಹೊಗಳಿತು, ಅವನೂ ಅದನ್ನು ನಂಬಿದ. ನಮ್ಮ ಮನೆಯ ಕ್ಲೋಸ್ಡ್ ಲೂಪು ಅಂದರೆ ಅಕ್ಕನೇ. ಅವಳು ತಿದ್ದುತ್ತಿರುವವರೆಗೂ ಅಣ್ಣನಲ್ಲಿ ಏನು ಕೆಟ್ಟಿದೆ ಎಂದು ಯಾರಿಗೂ ತಿಳಿಯುವಂತಿರಲಿಲ್ಲ, ಅಣ್ಣನಿಗೂ ಕೂಡ. ಇದನ್ನು ನಾನು ಎಷ್ಟೋ ಸಲ ಅಕ್ಕನ ಮುಖಕ್ಕೇ ಹೇಳಿದ್ದೆ. "ಹೋಗಲಿ ಬಿಡೇ, ನಮ್ಮಣ್ಣ ತಾನೆ" ಎನ್ನುತ್ತಿದ್ದಳು. ಆ 'ಹೋಗಲಿ ಬಿಡು' ಅಮ್ಮನಿಂದ ಬಂದ ಬಳುವಳಿ. ನಮ್ಮ ಮನೆಯಲ್ಲಿ ಉಪ್ಪಿಗಿಂತ ಹೆಚ್ಚು ಖರ್ಚಾಗುವುದು ಅದೇ.

ನಮ್ಮ ಗಿರಾಕಿಗಳಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ವಾರವಿಡೀ ಜನರ ಬಾಯಿ ನೋಡಿ ಬೇಸತ್ತು, ಭಾನುವಾರ ಬಂತೆಂದರೆ ತಮ್ಮ ಕೆಂಪು ಕಾರು ತೆಗೆದುಕೊಂಡು, ವಿಮಾನ ಇಳಿಯದೆ ಪಾಳುಬಿದ್ದ ರನ್‌ವೇಗೆ ಹೋಗುವವರು. ಅಲ್ಲಿ ಅವರ ಕ್ಲಬ್ಬಿನವರು ಒಬ್ಬರಾದ ಮೇಲೆ ಒಬ್ಬರು ಕಾರು ಓಡಿಸುತ್ತಾರೆ. ಆ ಕಾರಿಗೆ ಟ್ಯೂನ್ ಮಾಡಿದ್ದು ಅಕ್ಕ, ಮೊದಲ ಓಟದಲ್ಲಿ ಪಕ್ಕದಲ್ಲಿ ಕೂತದ್ದೂ ಅಕ್ಕ. ಹಲವು ತಿಂಗಳು ಅದು ಸೊಗಸಾಗಿ ಓಡಿತ್ತು.

ಒಂದು ವಾರ ಡಾಕ್ಟರು ಎಣ್ಣೆ ಬದಲಾಯಿಸಲು ಕಾರು ಬಿಟ್ಟು ಹೋದರು. "ಬೆಣ್ಣೆ ಥರ ಓಡ್ತಾ ಇದೆ, ಭಾನುವಾರ ದೊಡ್ಡ ಓಟ ಇದೆ" ಎಂದು ಖುಷಿಯಲ್ಲಿ ಹೇಳಿದರು. ಅಕ್ಕನಿಗೆ ಯಾವ ಕಾರು ಬಂದರೂ ಲ್ಯಾಪ್‌ಟಾಪ್ ಜೋಡಿಸಿ ಒಂದು ಸುತ್ತು ಹೋಗಿ ಬರುವ ಚಾಳಿ. ಹೋಗಿ ಬಂದವಳ ಮುಖ ಗಂಟಾಗಿತ್ತು. ಮಾಮೂಲಿ ಓಟದಲ್ಲಿ ಕಂಪ್ಯೂಟರ್ ಮೊದಲಿಗಿಂತ ಬಹಳ ಜಾಸ್ತಿ ಪೆಟ್ರೋಲು ಸೇರಿಸುತ್ತಿತ್ತು, ಏರು ಹತ್ತುವಾಗ ಇನ್ನೂ ಜಾಸ್ತಿ. ಅಂದರೆ ಪೆಟ್ರೋಲ್ ಪಂಪು ಸೋಲುತ್ತಿದೆ, ಸೆನ್ಸರು ಕಡಿಮೆ ಕಡಿಮೆ ಎಂದು ಕೂಗುತ್ತಿದೆ, ಕಂಪ್ಯೂಟರ್ ಅದನ್ನು ಸರಿದೂಗಿಸಿಕೊಂಡು ಹೋಗುತ್ತಿದೆ. ಅದಕ್ಕೇ ಡಾಕ್ಟರಿಗೆ ಬೆಣ್ಣೆ. ಪೂರ್ತಿ ಒತ್ತಿದರೆ ಸರಿದೂಗಿಸುವವರು ಯಾರೂ ಇರುವುದಿಲ್ಲ.

ಅಣ್ಣನನ್ನು ರೋಲರ್ ರೂಮಿಗೆ ಕರೆದು ಅಕ್ಕ ಇದನ್ನೇ ಹೇಳಿದಳಂತೆ. "ಹೊಸ ಪಂಪ್ ಹಾಕದೆ ಈ ಕಾರನ್ನ ರನ್‌ವೇಗೆ ಬಿಡಬೇಡ." ನನಗೆ ಆಗ ಕೇಳಿಸಿದ್ದು ಗಾಜಿನಾಚೆಯ ಜಗಳದ ಸದ್ದು ಮಾತ್ರ, ಅದು ದಿನಾ ಇದ್ದದ್ದೇ, ಮುಖವಾಡ ಇಳಿಸಿಕೊಂಡು ನಾನು ವೆಲ್ಡಿಂಗ್ ಮುಂದುವರಿಸಿದೆ. ಅಕ್ಕನ ಅತ್ತೆಗೆ ಆ ವಾರ ಕಣ್ಣಿನ ಆಪರೇಷನ್ನು. ಪಂಪು ತರಿಸಿ ಹಾಕುತ್ತೇನೆ ಎಂದು ಅಣ್ಣನಿಂದ ಮಾತು ತೆಗೆದುಕೊಂಡೇ ಅವಳು ಊರಿಗೆ ಹೋದಳು. ಶನಿವಾರ ಆಸ್ಪತ್ರೆಯಿಂದ ಫೋನ್ ಕೂಡ ಮಾಡಿದಳು.

"ಹಾಕಿದ್ಯಾ?"

"ಹಾಕಾಯ್ತು. ನೀನು ನೆಮ್ಮದಿಯಾಗಿ ಅತ್ತೇನ ನೋಡ್ಕೋ."

ಭಾನುವಾರ ನಾನು ಅಣ್ಣನ ಜೊತೆ ರನ್‌ವೇಗೆ ಹೋದೆ. ಬಿಸಿಲಿಗೆ ಕಾಂಕ್ರೀಟು ಕಣ್ಣು ಕುಕ್ಕುತ್ತಿತ್ತು, ಅದರ ಸೀಳುಗಳಲ್ಲಿ ಹುಲ್ಲು. ಕ್ಲಬ್ಬಿನವರೆಲ್ಲ ಸುತ್ತ ನಿಂತಿದ್ದಾಗ ಅಣ್ಣ ಕೆಂಪು ಕಾರಿನ ಬಾನೆಟ್ ತಟ್ಟಿ, "ಸರಿ ಇದೆ ಡಾಕ್ಟ್ರೇ, ಪೂರ್ತಿ ಒತ್ತಿ" ಎಂದ. ಹಾಗೆ ಹೇಳಿದ ಮೇಲೆ ಪಕ್ಕದ ಸೀಟು ಅವನದು. ಅವನಿಗೆ ಅದೆಂದರೆ ಪ್ರಾಣ. ನಾಲ್ಕು ಜನ ನೋಡುವಾಗ ಹೆಲ್ಮೆಟ್ ಹಾಕಿಕೊಂಡು ಕೂರುವ ಅವಕಾಶವನ್ನು ಅವನು ಹುಟ್ಟಿದಾಗಿನಿಂದ ಬಿಟ್ಟವನಲ್ಲ. ಅವತ್ತು ಸೊಂಟಕ್ಕೆ ಕೈಕೊಟ್ಟು, "ಅಯ್ಯೋ, ಬೆನ್ನು ಹಿಡ್ಕೊಂಡಿದೆ. ಕಿಡಿ, ನೀನು ಕೂತ್ಕೋ. ನಿನಗೂ ಒಂದು ಅವಕಾಶ ಸಿಗಲಿ" ಎಂದ.

ನಾನು ಹಿಗ್ಗಿ ಹೀರೇಕಾಯಿಯಾದೆ. ಪೈಪಿನ ಕೆಲಸದವಳನ್ನು ಯಾರು ಆ ಸೀಟಿಗೆ ಕರೆಯುತ್ತಾರೆ? ಅಣ್ಣನಿಗೆ ಕೊನೆಗೂ ನಾನು ಕಣ್ಣಿಗೆ ಬಿದ್ದೆ ಎಂದು, ನನ್ನ ಬಾಯಲ್ಲೇ ಹೇಳುತ್ತೇನೆ, ನನಗೆ ಕಣ್ಣು ತುಂಬಿ ಬಂತು. ಬೆಲ್ಟು ಬಿಗಿದುಕೊಂಡೆ. ಡಾಕ್ಟರು ಒತ್ತಿದರು. ಬೆನ್ನು ಸೀಟಿಗೆ ಅಂಟಿಕೊಂಡಿತು, ಹುಲ್ಲು ಹಸಿರು ಗೆರೆಯಾಯಿತು. ಆಮೇಲೆ ಎಂಜಿನ್ನಿನೊಳಗಿಂದ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು. "ಬಿಡಿ, ಬಿಡಿ!" ಎಂದು ನಾನು ಕೂಗಿದೆ. ಹೆಲ್ಮೆಟ್ಟಿನೊಳಗಿದ್ದ ಡಾಕ್ಟರಿಗೆ ಕೇಳಲಿಲ್ಲ. ಢಮ್ ಎಂದಿತು. ಮುಂದಿನ ಗಾಜಿನ ತುಂಬ ಎಣ್ಣೆ, ಅದೇ ಎಣ್ಣೆ ಚಕ್ರದಡಿಗೂ ಹರಿದು ಕಾರು ಗಿರಗಿರನೆ ತಿರುಗಿ, ಪಕ್ಕಕ್ಕೆ ಜಾರಿ, ಹುಲ್ಲಿನಲ್ಲಿ ಹೂತು ನಿಂತಿತು. ನನ್ನ ಭುಜ ಬಾಗಿಲಿಗೆ ಬಡಿದು ಕೈ ಎತ್ತಲು ಆಗದಂತಾಯಿತು. ಡಾಕ್ಟರು ಸ್ಟೀರಿಂಗ್ ಹಿಡಿದ ಕೈ ಬಿಡಲಾರದೆ ಕೂತಿದ್ದರು. ಅಣ್ಣ ಓಡಿ ಬಂದ, ನಮ್ಮನ್ನು ಇಳಿಸಿದ, ಹಿಂದಿನಿಂದ ಹೆಗಲು ಕೊಟ್ಟು ಆ ಕಾರನ್ನು ಒಬ್ಬನೇ ದಾರಿಯಂಚಿಗೆ ತಳ್ಳಿದ.

ಸೋಮವಾರ ಮಧ್ಯಾಹ್ನ ಅಕ್ಕ ಊರಿನಿಂದ ಬಂದಳು. ನಾನು ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಆಗಷ್ಟೇ ಕ್ಲಿನಿಕ್ಕಿನಿಂದ ಬಂದಿದ್ದೆ. ಅಣ್ಣ ಪಿಸ್ಟನ್ ತೆಗೆದು ಕೌಂಟರ್ ಮೇಲಿಟ್ಟಿದ್ದ. ನಡುವೆ ಬೆರಳು ತೂರುವಷ್ಟು ತೂತು. "ನಿನ್ನ ಅಳತೆ ನೋಡು ಏನು ಮಾಡಿದೆ" ಎಂದ.

"ಪಂಪು?"

"ಹೊಸದು. ಹೋಗಿ ನೋಡ್ಕೋ."

ಅಕ್ಕ ಕಾರಿನ ಹಿಂದಿನ ಸೀಟು ಎತ್ತಿ, ಟ್ಯಾಂಕಿನ ಮುಚ್ಚಳ ತೆಗೆದು, ಟಾರ್ಚು ಬಿಟ್ಟು ನೋಡಿದಳು. ಪಂಪು ಫಳಫಳ ಹೊಳೆಯುತ್ತಿತ್ತು. ಅವತ್ತಿನ ಓಟದಲ್ಲಿ ಲ್ಯಾಪ್‌ಟಾಪ್ ಜೋಡಿಸಿರಲಿಲ್ಲ, ಹಾಗಾಗಿ ಒಳಗೆ ಏನಾಯಿತು ಎನ್ನುವುದಕ್ಕೆ ಬೇರೆ ಸಾಕ್ಷಿ ಇರಲಿಲ್ಲ. ಪಂಪು ಹೊಸದಾದರೆ ಪೆಟ್ರೋಲು ಕಡಿಮೆಯಾದದ್ದು ಅಳತೆಯಿಂದಲೇ. ಅವಳು ನನ್ನ ಭುಜದ ಪಟ್ಟಿ ನೋಡಿದಳು, ತೂತು ಬಿದ್ದ ಪಿಸ್ಟನ್ ನೋಡಿದಳು. "ಹಾಗಾದ್ರೆ ನಾನೇ" ಎಂದಳು.

ಆಮೇಲಿನ ದಿನಗಳನ್ನು ನೆನೆದರೆ ನನಗೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಅಕ್ಕ ಮಾತು ನಿಲ್ಲಿಸಿದಳು. ಫ್ಯಾನಿನ ಜೊತೆಯೂ ಇಲ್ಲ, ಕಾರಿನ ಜೊತೆಯೂ ಇಲ್ಲ. ತಾನು ಹಾಕಿದ ಅಂಕಿಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡುತ್ತಾ ಕೂತಳು. ಬಿಸಿಲು ಹೆಚ್ಚಿತ್ತೇ, ಪೆಟ್ರೋಲು ಕಲಬೆರಕೆಯೇ, ತಾನೇ ಎಲ್ಲೋ ಒಂದು ಸಾಲು ತಪ್ಪಿದೆನೇ. ತಪ್ಪು ಎಲ್ಲೂ ಸಿಗಲಿಲ್ಲ, ಸಿಗದೇ ಇದ್ದದ್ದೇ ಅವಳನ್ನು ತಿಂದುಹಾಕಿತು. ಬಿಸಿ ಚಹಾ ಕೊಟ್ಟರೆ ಬಿಸಿಯಾಗಿಯೇ ಕುಡಿದು ಲೋಟ ಇಟ್ಟಳು. ಇದನ್ನೆಲ್ಲ ಅಣ್ಣ ಕೌಂಟರಿನಿಂದ ನೋಡುತ್ತಲೇ ಇದ್ದ. ಎಂಜಿನ್ ಒಡೆದದ್ದನ್ನು ನಾನು ಕ್ಷಮಿಸಬಲ್ಲೆ. ಕಬ್ಬಿಣ, ಹೋಗಲಿ. ಅವಳು ತನ್ನ ಮೇಲೇ ನಂಬಿಕೆ ಕಳೆದುಕೊಳ್ಳುವುದನ್ನು ನೋಡುತ್ತಾ ಅವನು ಊಟ ಮಾಡಿದನಲ್ಲ, ಎರಡನೇ ಸಲ ಬಡಿಸಿಕೊಂಡನಲ್ಲ, ಅದನ್ನು ಹೇಗೆ ಕ್ಷಮಿಸಲಿ?

ಅಷ್ಟಕ್ಕೇ ಮುಗಿಯಲಿಲ್ಲ. ಡಾಕ್ಟರು ಶನಿವಾರ ಬರುತ್ತಾರೆ, ಅಕ್ಕ ಅವರೆದುರು ತಪ್ಪೊಪ್ಪಿಕೊಳ್ಳಬೇಕು ಎಂದು ಅಣ್ಣ ತೀರ್ಮಾನಿಸಿದ. "ಗ್ಯಾರೇಜಿನ ಹೆಸರು ಉಳೀಬೇಕು. ಒಬ್ಬ ಹೊಸ ಟ್ಯೂನರ್‌ನ ನೋಡಿದೀನಿ. ನೀನು ಆರಾಮಾಗಿ ಗಿರಾಕಿಗಳ ಫೋನ್ ತಗೊಂಡು ಕೂತಿರು." ಅಂದರೆ ಸ್ಟೂಲು ಹೋಯಿತು, ರೋಲರ್ ರೂಮು ಹೋಯಿತು, ಟ್ಯೂನಕ್ಕ ಎನ್ನುವ ಹೆಸರೂ ಹೋಯಿತು. ಅಮ್ಮ ಅದಕ್ಕೆ ಒಗ್ಗರಣೆ ಹಾಕಿದರು: "ತಪ್ಪಾಯ್ತು ಅಂತ ಒಂದು ಮಾತು ಅಂದ್ಬಿಟ್ರೆ ನಿನ್ನ ಗಂಟೇನು ಹೋಗುತ್ತೆ?"

ನಾನು ಕೂಗಾಡಿದೆ. ಅಕ್ಕ ನನ್ನ ಪಟ್ಟಿಯ ಗಂಟು ಸರಿ ಮಾಡುತ್ತಾ ಹೇಳಿದಳು: "ಬಿಡೇ. ನಿನ್ನ ಭುಜ ನೋಡಿದ ಮೇಲೆ ನನಗೆ ಆ ಲ್ಯಾಪ್‌ಟಾಪ್ ಮುಟ್ಟೋಕೆ ಕೈ ಬರ್ತಿಲ್ಲ."

ಶನಿವಾರ ಡಾಕ್ಟರು ಬಂದರು. ಒಳ್ಳೆಯ ಮನುಷ್ಯ, ಜಗಳಕ್ಕೆ ಬಂದವರಲ್ಲ. ಏನಾಯಿತು ಎಂದು ತಿಳಿಯಬೇಕು ಅಷ್ಟೇ ಎಂದರು. ಅಮ್ಮ ಚಹಾ ತಂದರು. ಅಕ್ಕ ಕೌಂಟರಿನ ಪಕ್ಕ ಕೈಕಟ್ಟಿ ನಿಂತಿದ್ದಳು. ಅಣ್ಣ ತನ್ನ ಬೆಣ್ಣೆಯ ನಾಲಿಗೆಯಲ್ಲಿ, "ನಮ್ಮ ಕಡೆಯಿಂದ ತಪ್ಪಾಗಿದೆ ಡಾಕ್ಟ್ರೇ, ತಂಗೀನೇ ಹೇಳ್ತಾಳೆ. ಮೊದಲು ನಿಮಗೆ ತೋರಿಸ್ತೀನಿ ನೋಡಿ" ಎನ್ನುತ್ತಾ ಬಗ್ಗಿ, ನೆಲದ ಮೇಲಿದ್ದ ಎಂಜಿನ್ನಿನ ಬ್ಲಾಕನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟ. ಅದನ್ನು ಇಬ್ಬರು ಎತ್ತುತ್ತಾರೆ. ಅವನು ಹೂವೆತ್ತಿದ ಹಾಗೆ ಎತ್ತಿದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆಗೆ ಕಾದು ನಿಂತ ಅಕ್ಕನನ್ನು ನೋಡಿದೆ, ಎತ್ತಿನ ಕಡೆ ನೋಡಿದೆ. ಭಾನುವಾರ ಒಬ್ಬನೇ ಕಾರು ತಳ್ಳಿದ್ದು ಆಗ ಥಟ್ಟನೆ ಕಣ್ಣಮುಂದೆ ಬಂತು.

"ಅಣ್ಣಾ, ಬೆನ್ನು ವಾಸಿ ಆಯ್ತಾ?" ಎಂದೆ.

"ಯಾವ ಬೆನ್ನು?" ಎಂದ ಅಣ್ಣ, ಕೈ ಒರೆಸಿಕೊಳ್ಳುತ್ತಾ.

ಅಕ್ಕ ತಲೆಯೆತ್ತಿದಳು. ಅಷ್ಟು ದಿನದ ಮೇಲೆ ಅವಳ ಕಣ್ಣಿನಲ್ಲಿ ಏನೋ ಅಲುಗಿತು. ಅಣ್ಣನಿಗೆ ಬೆನ್ನು ನೋವಿತ್ತು, ಅದಕ್ಕೇ ಕಿಡಿ ಕೂತಳು ಎಂದು ನಾವೇ ಅವಳಿಗೆ ಹೇಳಿದ್ದೆವು; ಅವಳು ಅದನ್ನು ಅನುಮಾನಿಸಿರಲೇ ಇಲ್ಲ. ಈಗ ನಿಧಾನವಾಗಿ ಕೇಳಿದಳು: "ಅವತ್ತು ನೀನ್ಯಾಕೆ ಕೂರ್ಲಿಲ್ಲ ಅಣ್ಣಾ? ಸರಿ ಇದೆ ಅಂದೋನು ನೀನು."

"ಏಯ್, ಅದಕ್ಕೂ ಪಂಪಿಗೂ ಏನು ಸಂಬಂಧ?"

ಪಂಪಿನ ಮಾತನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ಗಾದೆಯಲ್ಲಿ ಕೇಳಿದ್ದೆ, ಕಣ್ಣಾರೆ ನೋಡಿದ್ದು ಅವತ್ತೇ. ಡಾಕ್ಟರು ಚಹಾದ ಲೋಟ ಕೆಳಗಿಟ್ಟರು. "ಯಾವ ಪಂಪು? ನನಗೆ ಯಾರೂ ಪಂಪಿನ ವಿಷಯ ಹೇಳೇ ಇಲ್ವಲ್ಲ" ಎಂದರು.

ಅಕ್ಕ ಹೇಳಿದಳು. ಸೋಲುತ್ತಿದ್ದ ಪಂಪು, ಅದನ್ನು ಮುಚ್ಚಿಕೊಂಡು ಹೋಗುತ್ತಿದ್ದ ಕಂಪ್ಯೂಟರ್, ಅಣ್ಣನಿಗೆ ಕೊಟ್ಟ ಎಚ್ಚರಿಕೆ, ಓಟದ ಹಿಂದಿನ ದಿನದ ಫೋನು. ಅವಳು ಹೇಳಿ ಮುಗಿಸುವಷ್ಟರಲ್ಲಿ ಅಣ್ಣ ಕುರ್ಚಿಯಲ್ಲಿ ಕುಸಿದಿದ್ದ. "ಪಾರ್ಸೆಲ್ ಬರೋದು ತಡ ಆಯ್ತು" ಎಂದ. "ಸೋಮವಾರ ಬೆಳಿಗ್ಗೆ ಬಂತು, ಆಗ ಹಾಕ್ದೆ. ಕ್ಲಬ್ಬಿನವರ ಮುಂದೆ ಓಟಕ್ಕೆ ಕಾರು ತಯಾರಿಲ್ಲ ಅಂತ ಹೇಳೋಕಾಗುತ್ತಾ? ಒಂದು ದಿನ ಹೇಗೋ ತಡೆಯುತ್ತೆ ಅಂದ್ಕೊಂಡೆ."

"ತಡೆಯುತ್ತೆ ಅಂದ್ಕೊಂಡಿದ್ರೆ ನೀನೇ ಕೂರ್ತಿದ್ದೆ" ಎಂದಳು ಅಕ್ಕ.

ನಾನು ಆ ಸೀಟಿನಲ್ಲಿ ಕೂರುವಾಗ ಕಣ್ಣು ತುಂಬಿಕೊಂಡಿದ್ದೆನಲ್ಲ, ಅಣ್ಣ ನನ್ನನ್ನು ಲೆಕ್ಕಕ್ಕೆ ತೆಗೆದುಕೊಂಡ ಎಂದು. ತೆಗೆದುಕೊಂಡಿದ್ದ, ನಿಜವೇ. ಹೋದರೂ ಪರವಾಗಿಲ್ಲ ಎನ್ನುವ ಲೆಕ್ಕಕ್ಕೆ.

ಅಕ್ಕ ಡಾಕ್ಟರ ಕಡೆ ತಿರುಗಿದಳು. "ಹೊಸ ಎಂಜಿನ್ ಬರ್ಲಿ ಡಾಕ್ಟ್ರೇ. ಅದೇ ಅಳತೆ ಹಾಕ್ತೀನಿ, ಒಂದು ಅಂಕೀನೂ ಬದಲಾಯಿಸಲ್ಲ. ಪಕ್ಕದಲ್ಲಿ ನಾನೇ ಕೂರ್ತೀನಿ." ಡಾಕ್ಟರು ಆಗಲಿ ಎಂದು ತಲೆಯಾಡಿಸಿದರು. ಅವಳು ರೋಲರ್ ರೂಮಿನ ಕಡೆ ಹೆಜ್ಜೆ ಹಾಕಿದಳು.

ಅಮ್ಮ ಖಾಲಿ ಲೋಟಗಳನ್ನು ತಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಅವಳನ್ನು ಅಡ್ಡಗಟ್ಟಿ, ತಗ್ಗಿದ ದನಿಯಲ್ಲಿ, ಅದೇ ಹಳೆಯ ಮಾತನ್ನು ಹೇಳಿದರು: "ಹೋಗಲಿ ಬಿಡೇ. ಎಷ್ಟಾದ್ರೂ ಅವನು ನಿನ್ನ ಅಣ್ಣ."

ಅಕ್ಕ ನಿಂತಳು. ಪಟ್ಟಿ ಕಟ್ಟಿದ ನನ್ನ ಭುಜದ ಕಡೆ ಕೈ ತೋರಿಸಿದಳು.

"ಅವನು ಅಣ್ಣ, ಸರಿ. ಇವಳು ಯಾರಮ್ಮಾ?"

ಅಮ್ಮ ತಟ್ಟೆ ಎತ್ತಿಕೊಂಡು, ನಡುವಿನ ಬಾಗಿಲು ದಾಟಿ ಮನೆಯೊಳಗೆ ಹೋದರು.